ತಿಂಗಳ ಬಾಡಿಗೆಯ ಸಾಫ್ಟ್‌ವೇರ್ ಬಿಟ್ಟರೆ ಹಳೆಯ ಕನ್ನಡ ಫೈಲುಗಳ ಗತಿ ಏನು?

ಪ್ರಶ್ನೆ: ಉಡುಪಿಯಲ್ಲಿ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾಗದ, ನೇಮದ (ದೈವಾರಾಧನೆಯ) ಆಮಂತ್ರಣ, ಯಕ್ಷಗಾನದ ಹ್ಯಾಂಡ್‌ಬಿಲ್ ಮಾಡುತ್ತೇವೆ. ಸಾಫ್ಟ್‌ವೇರ್‌ಗೆ ತಿಂಗಳು ತಿಂಗಳು ದುಡ್ಡು ಕಟ್ಟಿ ಸಾಕಾಗಿದೆ. ಓಪನ್ ಸೋರ್ಸ್‌ಗೆ, ಅಂದರೆ ಉಚಿತವಾಗಿ ಸಿಗುವ ಮುಕ್ತ ಸಾಫ್ಟ್‌ವೇರ್‌ಗೆ ಬಂದರೆ ಹಳೆಯ ಫೈಲುಗಳು ತೆರೆಯುತ್ತವಾ?

ಉತ್ತರ: ಹೆಚ್ಚಿನವು ತೆರೆಯುತ್ತವೆ. ಆದರೆ ಅಕ್ಷರ ಒಡೆಯಬಹುದು. ನಿಮ್ಮನ್ನು ಕಟ್ಟಿಹಾಕಿರುವುದು ಸಾಫ್ಟ್‌ವೇರ್‌ಗಿಂತ ಜಾಸ್ತಿ ಹಳೆಯ ಫಾಂಟ್.

ಯೂನಿಕೋಡ್ ಅಂದರೆ ಎಲ್ಲ ಭಾಷೆಯ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಕೊಡುವ ಪದ್ಧತಿ. ಅದಕ್ಕೆ ಮೊದಲಿನ, 'ನುಡಿ' ಎಂಬ ಕನ್ನಡ ತಂತ್ರಾಂಶದ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದರು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ 'ಕನ್ನಡ' ಎಂಬ ಪದ ತೆರೆದು ನೋಡಿ. ಒಂದು ಪಿ, ತಲೆ ಮೇಲೆ ಗೀಟಿರುವ ಎ, ಆಮೇಲೆ ಪೌಂಡಿನ ಗುರುತು! ಕಂಪ್ಯೂಟರ್ ಪಾಲಿಗೆ ಅಲ್ಲಿ ಕನ್ನಡವೇ ಇಲ್ಲ. ಹಾಗಾಗಿ ಮೊದಲು ಬರಹವನ್ನು ಯೂನಿಕೋಡ್‌ಗೆ ತನ್ನಿ. ಉಚಿತ ಪರಿವರ್ತಕಗಳು ಸಿಗುತ್ತವೆ.

ಪರಿವರ್ತಿಸಿದ್ದನ್ನು ಸುಮ್ನೆ ನಂಬಬೇಡಿ. ನುಡಿಯ ಹಳೆಯ ಫೈಲಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಂಡ ಹಾಗೆ ಅಕ್ಷರದ ನಂತರ ಇರುತ್ತದೆ. ಯೂನಿಕೋಡ್‌ನಲ್ಲಿ 'ರ' ಮೊದಲು ಬರಬೇಕು. 'ಕಾರ್ಕಳ', 'ಕಾರ್ಯಕ್ರಮ', 'ಸರ್ವರಿಗೂ' ಇಂಥವನ್ನು ಪ್ರೂಫ್ ತೆಗೆದು ಬೆರಳಿಟ್ಟು ಓದಿ. ಮದುಮಗಳ ಹೆಸರಲ್ಲೇ ತಪ್ಪಾದರೆ ಆ ಮನೆಯವರಿಗೆ ಎಷ್ಟು ಬೇಜಾರು, ಅಲ್ವಾ? ಅಕ್ಷರಗಳನ್ನು ಗೆರೆಗಳಾಗಿ ಬದಲಿಸಿ, ಅಂದರೆ ಕರ್ವ್ ಮಾಡಿಟ್ಟ ಕೆಲಸಗಳಿಗೆ ಈ ತೊಂದರೆ ಇಲ್ಲ, ಅವು ಬರೀ ಆಕಾರ. ಆದರೆ ತಿದ್ದಲು ಬರುವುದಿಲ್ಲ.

ಫಾಂಟಿಗೂ ದುಡ್ಡು ಬೇಡ. ಗುಬ್ಬಿ, ನವಿಲು, ನೋಟೊ ಸೆರಿಫ್ ಕನ್ನಡ, ಬಾಲೂ ತಮ್ಮ ಎಲ್ಲವನ್ನೂ ಮುದ್ರಣಕ್ಕೆ ಬಳಸಬಹುದು.

ಇನ್ನು ಸಾಫ್ಟ್‌ವೇರ್. ಕೋರೆಲ್‌ಡ್ರಾ ಬದಲಿಗೆ ಇಂಕ್‌ಸ್ಕೇಪ್. ಕೋರೆಲ್‌ಡ್ರಾದ ಸಿಡಿಆರ್ ಫೈಲನ್ನೂ ತೆರೆಯುತ್ತದೆ, ತೀರಾ ಹೊಸ ಆವೃತ್ತಿಯದ್ದು ಕೈಕೊಡಬಹುದು. ಫೋಟೊಗೆ ಗಿಂಪ್. ಪೇಜ್‌ಮೇಕರ್ ಫೈಲು ಲಿಬ್ರೆಆಫೀಸ್ ಡ್ರಾದಲ್ಲಿ ತೆರೆಯುತ್ತದೆ. ಬಿಲ್ಲು, ಲೆಕ್ಕಕ್ಕೂ ಲಿಬ್ರೆಆಫೀಸ್ ಧಾರಾಳ ಸಾಕು.

ಪುಟ ಕಟ್ಟಲು ಸ್ಕ್ರೈಬಸ್. ಇಲ್ಲಿ ಎಚ್ಚರ ಬೇಕು. ಅದರ 1.4 ಆವೃತ್ತಿ ಹಾಕಿದರೆ ಕನ್ನಡದ ಒತ್ತಕ್ಷರ ಚೆಲ್ಲಾಪಿಲ್ಲಿ. 2024ರ ಜನವರಿಯಲ್ಲಿ ಬಂದ 1.6 ಅಥವಾ ಅದರ ನಂತರದ್ದೇ ಬೇಕು. ಆಫ್‌ಸೆಟ್ ಪ್ರೆಸ್ಸಿಗೆ ಸಿಎಂವೈಕೆ (ಮುದ್ರಣದ ನಾಲ್ಕು ಶಾಯಿಗಳ ಬಣ್ಣ) ಪಿಡಿಎಫ್ ಕೊಡಲೂ ನಾನು ನೆಚ್ಚುವುದು ಇದನ್ನೇ. ಇಂಕ್‌ಸ್ಕೇಪಿನ ಪಿಡಿಎಫ್ ಸಾಮಾನ್ಯವಾಗಿ ಆರ್‌ಜಿಬಿ, ಅಂದರೆ ಪರದೆಯ ಬಣ್ಣ. ಪರದೆಯಲ್ಲಿ ಕಂಡ ಕುಂಕುಮದ ಕೆಂಪು ಕಾಗದದಲ್ಲಿ ಮಂಕಾಗಬಹುದು. ನಿಮ್ಮ ಪ್ರೆಸ್ಸಿನವರು ಪಿಡಿಎಫ್ ತೆಗೆದುಕೊಳ್ಳುತ್ತಾರಾ, ಸಿಡಿಆರ್ ಫೈಲೇ ಬೇಕಾ ಅಂತ ಮೊದಲೇ ಕೇಳಿ. ಸಿಡಿಆರ್ ಬೇಕೇ ಬೇಕು ಅಂದರೆ ಒಂದು ಕಂಪ್ಯೂಟರಿನಲ್ಲಿ ಹಳೆಯದು ಇರಲಿ, ಉಳಿದವುಗಳ ಬಾಡಿಗೆ ನಿಲ್ಲಿಸಿ.

ಚಂದಾ ಮುಗಿಯುವ ಮೊದಲು ಒಂದು ಕೆಲಸ ಮರೆಯಬೇಡಿ. ಮುಖ್ಯವಾದ ಹಳೆಯ ಡಿಸೈನ್‌ಗಳನ್ನು ಅದೇ ಸಾಫ್ಟ್‌ವೇರ್‌ನಲ್ಲಿ ತೆರೆದು ಪಿಡಿಎಫ್ ಮತ್ತು ಎಸ್‌ವಿಜಿಯಲ್ಲಿ (ಇಂಕ್‌ಸ್ಕೇಪಿನಲ್ಲಿ ತೆರೆಯುವ ಚಿತ್ರದ ಫೈಲು) ಉಳಿಸಿಕೊಳ್ಳಿ. ಚಂದಾ ನಿಂತ ಮೇಲೆ ಹಲವು ಸಾಫ್ಟ್‌ವೇರ್‌ಗಳು ಎಕ್ಸ್‌ಪೋರ್ಟ್ ಮಾಡಲು ಬಿಡುವುದಿಲ್ಲ.

ಸೀಸನ್ ನಡುವೆ ಬದಲಾವಣೆ ಬೇಡ. ಮೇ ಕೊನೆಯ ಹೊತ್ತಿನ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಲಿ. ಆಟಿಯಲ್ಲಿ (ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳು) ಮದುವೆ ಕಾಗದವೂ ಇರುವುದಿಲ್ಲ. ಆಗ ದಿನಕ್ಕೊಂದು ಹಳೆಯ ಹ್ಯಾಂಡ್‌ಬಿಲ್ ಹೊಸದರಲ್ಲಿ ಮತ್ತೆ ಕಟ್ಟಿ ನೋಡಿ. ದೀಪಾವಳಿ ಕಳೆದು ಆರ್ಡರ್ ಬರುವ ಹೊತ್ತಿಗೆ ಕೈ ಪಳಗಿರುತ್ತದೆ.