ಶಾಕ್ ಅಬ್ಸಾರ್ಬರ್ ಹೊರಗಿನದು, ಕಾರಿನ ನಡೆ ಯಾರದು?

ಸೂಪರ್‌ಕಾರಿನ ಮಾತು ಬಂದಾಗಲೆಲ್ಲ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ಒಂದು ಪ್ರಶ್ನೆ ಕೇಳುತ್ತಾರೆ: "ಅಷ್ಟು ಕೋಟಿ ಕೊಟ್ಟರೂ ಸಸ್ಪೆನ್ಶನ್ ಬೇರೆ ಕಂಪನಿಯದ್ದಂತೆ, ಹೌದಾ ಸರ್?"

ಹೌದು. ಸಸ್ಪೆನ್ಶನ್ ಮಾತ್ರ ಅಲ್ಲ, ಇನ್ನೂ ಎಷ್ಟೋ ಭಾಗಗಳು ಹೊರಗಿನವೇ. 2011ರಲ್ಲಿ ಬಂದ ಮೆಕ್‌ಲಾರೆನ್ 12ಸಿ ಕಾರನ್ನೇ ನೋಡಿ. ಅದರ ವಿ8 ಎಂಜಿನ್ ತಯಾರಾಗಿದ್ದು ಇಂಗ್ಲೆಂಡಿನ ರಿಕಾರ್ಡೊ ಕಂಪನಿಯಲ್ಲಿ. ಗೇರ್‌ಬಾಕ್ಸ್ ಇಟಲಿಯ ಗ್ರಾಜಿಯಾನೊದ್ದು. ಕಾರ್ಬನ್ ಫೈಬರ್ ಚಾಸಿ ಬಂದಿದ್ದು ಆಸ್ಟ್ರಿಯಾದ ಕಾರ್ಬೊ ಟೆಕ್‌ನಿಂದ. ಸಸ್ಪೆನ್ಶನ್ ಅಮೆರಿಕದ ಟೆನೆಕೊ ಕಂಪನಿಯದ್ದು. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ವರ್ಷಕ್ಕೆ ಕೆಲವೇ ಸಾವಿರ ಕಾರು ಮಾಡುವ ಕಂಪನಿ ಡ್ಯಾಂಪರ್ (ಅಂದರೆ ಶಾಕ್ ಅಬ್ಸಾರ್ಬರ್) ಕಾರ್ಖಾನೆ ಕಟ್ಟಿಕೊಂಡು ಕೂತರೆ ಕಾರು ಮಾಡುವುದು ಯಾವಾಗ? ನಾನು ಕೇಳುವ ಪ್ರಶ್ನೆ ಬೇರೆ. ಆ ಡ್ಯಾಂಪರ್ ಹೇಗೆ ನಡೆದುಕೊಳ್ಳಬೇಕು ಅಂತ ತೀರ್ಮಾನ ಮಾಡಿದವರು ಯಾರು?

12ಸಿ ಸಸ್ಪೆನ್ಶನ್‌ನ ಬೇರು ಪಶ್ಚಿಮ ಆಸ್ಟ್ರೇಲಿಯಾದಲ್ಲಿದೆ. ಅಲ್ಲಿನ ಕಿನೆಟಿಕ್ ಎಂಬ ಸಣ್ಣ ಕಂಪನಿಯನ್ನು ಟೆನೆಕೊ 1999ರಲ್ಲಿ ಕೊಂಡುಕೊಂಡಿತು. ಟೊಯೊಟಾ ಲ್ಯಾಂಡ್ ಕ್ರೂಸರ್‌ನ ಕೆಡಿಎಸ್ಎಸ್ ಎಂಬ ಸಸ್ಪೆನ್ಶನ್ ವ್ಯವಸ್ಥೆ ಹುಟ್ಟಿದ್ದು ಕೂಡ ಇದೇ ತಂತ್ರಜ್ಞಾನದಿಂದ. ಕಲ್ಲುಮಣ್ಣಿನ ದಾರಿಗೆ ಹೊಂದುವ ಯೋಚನೆಯೇ ರೇಸ್ ಟ್ರ್ಯಾಕಿಗೂ ಹೊಂದಿತು ಅನ್ನುವುದು ನನಗೆ ಈಗಲೂ ಖುಷಿ ಕೊಡುವ ವಿಷಯ.

ಕೆಲಸ ಮಾಡುವ ರೀತಿ ಹೀಗೆ. ಮಾಮೂಲಿ ಕಾರಿನಲ್ಲಿ ತಿರುವಿನಲ್ಲಿ ಬಾಡಿ ವಾಲದಿರಲಿ ಅಂತ ಎಡ ಬಲ ಚಕ್ರಗಳ ನಡುವೆ ಆ್ಯಂಟಿ ರೋಲ್ ಬಾರ್ ಎಂಬ ಉಕ್ಕಿನ ಸರಳು ಹಾಕುತ್ತಾರೆ. ಅದು ದಪ್ಪ ಆದಷ್ಟೂ ವಾಲುವುದು ಕಮ್ಮಿ. ಆದರೆ ಒಂದು ಚಕ್ರ ಗುಂಡಿಗೆ ಬಿದ್ದರೆ ಇನ್ನೊಂದು ಚಕ್ರಕ್ಕೂ ಏಟು. 12ಸಿ ಕಾರಿನಲ್ಲಿ ಈ ಸರಳೇ ಇಲ್ಲ. ಬದಲಿಗೆ ಒಂದು ಬದಿಯ ಡ್ಯಾಂಪರ್ ಒತ್ತಿಕೊಳ್ಳುವಾಗ ಎಣ್ಣೆ ಹೊರಬರುವ ಕೋಣೆಯನ್ನು, ಇನ್ನೊಂದು ಬದಿಯ ಡ್ಯಾಂಪರ್ ಹಿಗ್ಗುವಾಗ ಎಣ್ಣೆ ಹೊರಬರುವ ಕೋಣೆಗೆ ಪೈಪಿನಿಂದ ಜೋಡಿಸಿದ್ದಾರೆ. ಎರಡೂ ಚಕ್ರ ಒಟ್ಟಿಗೆ ಮೇಲೆದ್ದರೆ ಇಲ್ಲಿಂದ ಹೊರಟ ಎಣ್ಣೆಗೆ ಅಲ್ಲಿ ಜಾಗ ಸಿಗುತ್ತದೆ, ಹೆಚ್ಚು ಒತ್ತಡ ಏರುವುದಿಲ್ಲ. ಕಾರು ವಾಲಿದರೆ ಎರಡು ಕಡೆಯಿಂದಲೂ ಎಣ್ಣೆ ಹೊರಬರುತ್ತದೆ. ಹೋಗಲು ಜಾಗ ಇಲ್ಲದೆ ನೈಟ್ರೋಜನ್ ಗ್ಯಾಸ್ ತುಂಬಿದ ಅಕ್ಯುಮುಲೇಟರ್ ಎಂಬ ಡಬ್ಬಿಗೆ ನುಗ್ಗುತ್ತದೆ. ಒತ್ತಡ ಏರುತ್ತದೆ, ವಾಲುವುದು ನಿಲ್ಲುತ್ತದೆ. ಸ್ಪ್ರಿಂಗ್ ಮೆತ್ತಗಿದ್ದರೂ ಕಾರು ತಿರುವಿನಲ್ಲಿ ನೆಟ್ಟಗೆ ಇರುತ್ತದೆ.

2017ರ 720ಎಸ್‌ನಲ್ಲಿ ಮೆಕ್‌ಲಾರೆನ್ ಈ ಮೂಲ ಯೋಚನೆಯನ್ನು ಬಿಡಲಿಲ್ಲ. ಹೊಸ ಸೆನ್ಸರ್‌ಗಳು ಬಂದವು. ದೊಡ್ಡ ಬದಲಾವಣೆ ಆಗಿದ್ದು ಕಂಟ್ರೋಲ್ ಸಾಫ್ಟ್‌ವೇರ್‌ನಲ್ಲಿ. ಅದರ ಹಿಂದೆ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಜೊತೆ ವರ್ಷಗಟ್ಟಲೆ ನಡೆಸಿದ ಸಂಶೋಧನೆ ಇತ್ತು. ಪೈಪು, ಅಕ್ಯುಮುಲೇಟರ್‌ಗಳನ್ನು ಹೊರಗಿನಿಂದ ತರಿಸಬಹುದು. ಯಾವ ಕ್ಷಣಕ್ಕೆ ಎಷ್ಟು ಬಿಗಿ ಬೇಕು ಅನ್ನುವ ತಿಳಿವಳಿಕೆ ಮಾತ್ರ ಮನೆಯಲ್ಲೇ ಇರಬೇಕು. ನನ್ನ ವಾದ ಇಷ್ಟೇ.

ಈ ತಿಳಿವಳಿಕೆ ಯಾಕೆ ಅಷ್ಟು ಕಷ್ಟ ಅಂತ ತಿಳಿಯಲು ಒಂದು ಡ್ಯಾಂಪರ್ ಬಿಚ್ಚಿ ನೋಡಬೇಕು. ಪಿಸ್ಟನ್ ಮೇಲೆ ತೆಳ್ಳನೆಯ ಉಕ್ಕಿನ ಬಿಲ್ಲೆಗಳನ್ನು ಜೋಡಿಸಿರುತ್ತಾರೆ. ಇವೇ ಶಿಮ್. ಎಣ್ಣೆ ಒತ್ತಿದಾಗ ಅಂಚು ಬಾಗಿ ದಾರಿ ಬಿಡುತ್ತವೆ. 0.15 ಮಿ.ಮೀ. ಶಿಮ್ ತೆಗೆದು 0.20 ಹಾಕಿದರೆ ಕೈಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಆದರೆ ಬಿಗಿ ದಪ್ಪದ ಘನದ ಲೆಕ್ಕದಲ್ಲಿ ಏರುತ್ತದೆ. ಅಂದರೆ ಆ ಒಂದು ಶಿಮ್ ಎರಡು ಪಟ್ಟಿಗಿಂತ ಜಾಸ್ತಿ ಗಟ್ಟಿ. ನಮ್ಮ ಟೆಸ್ಟ್ ಲ್ಯಾಬಿನ ಡೈನೊ (ಡ್ಯಾಂಪರ್‌ನ ಬಲ ಅಳೆಯುವ ಯಂತ್ರ) ಮೇಲೆ ಒಂದೇ ಪಾರ್ಟ್ ನಂಬರಿನ ಎರಡು ಡ್ಯಾಂಪರ್ ಹಾಕಿದರೆ ಗ್ರಾಫಿನ ಎರಡು ಗೆರೆಗಳು ಒಂದರ ಮೇಲೊಂದು ಕೂರುವುದು ಅಪರೂಪ. ಎಣ್ಣೆ ಬಿಸಿಯಾದಂತೆ ಅವು ಇನ್ನೂ ಸರಿಯುತ್ತವೆ. ಟೆಸ್ಟ್ ಡ್ರೈವರ್ ಬಂದು "ಹಿಂದಿನ ಬಲಗಡೆ ಏನೋ ಸರಿಯಿಲ್ಲ" ಅಂದರೆ ಸುಮ್ನೆ ತಳ್ಳಿಹಾಕುವ ಹಾಗಿಲ್ಲ.

ಕೆನಡಾದ ಮಲ್ಟಿಮ್ಯಾಟಿಕ್ ಈ ತೊಂದರೆಗೇ ಕೈ ಹಾಕಿತು. ಅವರ ಡಿಎಸ್ಎಸ್‌ವಿ ಡ್ಯಾಂಪರ್‌ನಲ್ಲಿ ಬಾಗುವ ಶಿಮ್‌ಗಳ ಬದಲು ಸ್ಪೂಲ್ ವಾಲ್ವ್ ಇದೆ. ಒಂದು ಸಣ್ಣ ಕೊಳವೆಯೊಳಗೆ ಇನ್ನೊಂದು, ಸ್ಪ್ರಿಂಗ್‌ಗೆ ಎದುರಾಗಿ ಸರಿಯುತ್ತದೆ. ಸರಿದಂತೆ ಗೋಡೆಯಲ್ಲಿ ಕೊರೆದ ಕಿಂಡಿ ತೆರೆಯುತ್ತದೆ. ಆ ಕಿಂಡಿಯ ಆಕಾರದಲ್ಲೇ ಡ್ಯಾಂಪಿಂಗ್ ಅಡಗಿದೆ. ಬೇಕಾದ ಗೆರೆಯನ್ನು ಮೊದಲು ಕಂಪ್ಯೂಟರ್‌ನಲ್ಲಿ ಬರೆದು, ಅದಕ್ಕೆ ತಕ್ಕ ಕಿಂಡಿ ಕೊರೆಯಬಹುದು. ಒಂದರಂತೆ ಇನ್ನೊಂದು ಬರುತ್ತದೆ. ಫಾರ್ಮುಲಾ ಒನ್‌ನಲ್ಲೂ ಬಳಕೆಯಾದ ಈ ವಾಲ್ವ್ ಆಸ್ಟನ್ ಮಾರ್ಟಿನ್ ಒನ್-77 ಮೂಲಕ ರಸ್ತೆಗೆ ಇಳಿಯಿತು. 2014ರ ಕ್ಯಾಮರೊ ಝಡ್/28ಗೂ ಬಂತು. ಆಮೇಲೆ ಶೆವ್ರೊಲೆ ಕೊಲರಾಡೊ ಝಡ್ಆರ್2 ಎಂಬ ಪಿಕಪ್‌ಗೂ ಬಂತು. ಒಳಗಿನ ತತ್ವ ಒಂದೇ, ಕಿಂಡಿ ಬೇರೆ, ಗಾಡಿಯ ನಡೆ ಪೂರ್ತಿ ಬೇರೆ.

2022ರ ಫೆರಾರಿ ಪುರೊಸಾಂಗ್ವೆಯಲ್ಲಿ ಇದೇ ಮಲ್ಟಿಮ್ಯಾಟಿಕ್ ಒಂದು ಹೆಜ್ಜೆ ಮುಂದೆ ಹೋಯಿತು. ಪ್ರತಿ ಡ್ಯಾಂಪರ್‌ಗೂ 48 ವೋಲ್ಟ್ ಮೋಟಾರ್ ಸೇರಿಸಿತು. ಡ್ಯಾಂಪರ್ ಬರೀ ತಡೆಯುವುದಿಲ್ಲ, ಚಕ್ರವನ್ನು ತಾನೇ ಒತ್ತಬಲ್ಲದು, ಎತ್ತಬಲ್ಲದು. ಇಲ್ಲೂ ಆ್ಯಂಟಿ ರೋಲ್ ಬಾರ್ ಇಲ್ಲ. ತಿರುವಿನಲ್ಲಿ ಕಾರಿನ ಗುರುತ್ವ ಕೇಂದ್ರವನ್ನು 10 ಮಿ.ಮೀ. ತನಕ ಇಳಿಸುತ್ತದೆ. 2024ರ ಎಫ್80 ಕಾರಿಗೂ ಇದರ ಮುಂದುವರಿದ ರೂಪ ಬಂತು. ಮಲ್ಟಿಮ್ಯಾಟಿಕ್ ಹೆಸರನ್ನು ಫೆರಾರಿ ಮುಚ್ಚಿಡಲಿಲ್ಲ, ಬಾಯಿಬಿಟ್ಟು ಹೇಳಿತು. ನನಗೆ ಅದು ತುಂಬಾ ಹಿಡಿಸಿತು. ಪರರ ಕೆಲಸಕ್ಕೆ ಹೆಸರು ಕೊಟ್ಟರೆ ನಮ್ಮ ಕೆಲಸದ ಬೆಲೆ ಕಮ್ಮಿ ಆಗುವುದಿಲ್ಲ ಅಲ್ವಾ?

ಈ ಮಾತು ಬೆಂಗಳೂರಿನಲ್ಲಿ ಕೂತಿರುವ ನಮಗೂ ಸಂಬಂಧಪಟ್ಟದ್ದು. ಹೊರದೇಶದ ಕಾರುಗಳ ಸಿಮ್ಯುಲೇಶನ್, ಕಂಟ್ರೋಲ್ ಸಾಫ್ಟ್‌ವೇರ್ ಕೆಲಸ ಇಲ್ಲಿನ ಆಫೀಸುಗಳಲ್ಲಿ ದಿನಾ ನಡೆಯುತ್ತದೆ. ಚೆನ್ನಾಗಿಯೇ ನಡೆಯುತ್ತದೆ. ಆದರೆ ನಮ್ಮ ಕೈಗೆ ಬರುವುದು ಎಷ್ಟೋ ಸಲ ಸಂಖ್ಯೆಗಳ ಪಟ್ಟಿ ಮಾತ್ರ. ಆ ಸಂಖ್ಯೆ ಯಾಕೆ ಅಷ್ಟು ಅಂತ ಕೇಳದೆ ಮಾಡಿಕೊಟ್ಟರೆ ಕೆಲಸ ಮುಗಿಯುತ್ತದೆ, ಕಲಿಕೆ ಆಗುವುದಿಲ್ಲ. ಅದಕ್ಕೇ ನನ್ನ ಜೊತೆ ಇರುವ ಹುಡುಗರಿಗೆ ಸ್ಕ್ರೀನ್ ಬಿಟ್ಟು ಡೈನೊ ಹತ್ತಿರ ಬನ್ನಿ, ಕೈಗೆ ಎಣ್ಣೆ ಹತ್ತಲಿ ಅಂತ ಒತ್ತಾಯ ಮಾಡುತ್ತೇನೆ.

ಹೊರಗುತ್ತಿಗೆಯಲ್ಲಿ ನಿಜವಾದ ಅಪಾಯ ಇರುವುದು ಇನ್ನೊಂದು ಕಡೆ. ಸಪ್ಲೈಯರ್‌ಗಳ ಮಾಲೀಕರು ಬದಲಾಗುತ್ತಾರೆ. ಫೆರಾರಿ 599ರಲ್ಲಿದ್ದ ಮ್ಯಾಗ್ನೆರೈಡ್ ಎಂಬ ಡ್ಯಾಂಪರ್ ಹುಟ್ಟಿದ್ದು ಅಮೆರಿಕದ ಡೆಲ್ಫಿ ಕಂಪನಿಯಲ್ಲಿ. 2009ರಲ್ಲಿ ಅದು ಚೀನಾದ ಬಿಡಬ್ಲ್ಯುಐ ಕಂಪನಿಯ ಪಾಲಾಯಿತು. ಸ್ವೀಡನ್ನಿನ ಡ್ಯಾಂಪರ್ ಕಂಪನಿ ಓಲಿನ್ಸ್ 2019ರಲ್ಲಿ ಟೆನೆಕೊ ಕೈಗೆ, 2025ರಲ್ಲಿ ಇಟಲಿಯ ಬ್ರೇಕ್ ಕಂಪನಿ ಬ್ರೆಂಬೊ ಕೈಗೆ ಹೋಯಿತು. ತನಗೆ ಏನು ಬೇಕು ಅಂತ ತಾನೇ ಬರೆದಿಟ್ಟುಕೊಂಡ ಕಾರು ಕಂಪನಿ ಇದನ್ನು ತಾಳಿಕೊಳ್ಳುತ್ತದೆ. ಎಲ್ಲವನ್ನೂ ಸಪ್ಲೈಯರ್ ತಲೆಗೆ ಬಿಟ್ಟವರು ಮುಂದಿನ ಮಾಡೆಲ್‌ಗೆ ಮತ್ತೆ ಮೊದಲಿನಿಂದ ಶುರು ಮಾಡಬೇಕು.

12ಸಿಯಂಥ ಹಳೆಯ ಕಾರು ಕೊಳ್ಳುವವರಿಗೂ ಈ ಸಸ್ಪೆನ್ಶನ್ ವಿಷಯ ತಟ್ಟುತ್ತದೆ. ಆ್ಯಂಟಿ ರೋಲ್ ಬಾರ್‌ನಲ್ಲಿ ಸವೆಯುವುದು ಹೆಚ್ಚಾಗಿ ರಬ್ಬರ್ ಬುಷ್. ಅಕ್ಯುಮುಲೇಟರ್‌ನ ಗ್ಯಾಸ್ ಮಾತ್ರ ವರ್ಷ ಕಳೆದಂತೆ ಸೋರುತ್ತದೆ. ಇಂಥ ಸಸ್ಪೆನ್ಶನ್ ಇರುವ ಕಾರನ್ನು ಯಾರಾದರೂ ವಿದೇಶದಲ್ಲಿ ನೋಡುತ್ತಿದ್ದರೆ, ಬಣ್ಣ, ಟೈರ್ ನೋಡುವ ಮೊದಲು ಅಕ್ಯುಮುಲೇಟರ್ ಒತ್ತಡ ಅಳೆಸಿ. ಅವುಗಳನ್ನು ಯಾವಾಗ ಬದಲಿಸಿದ್ದಾರೆ ಅಂತ ಸರ್ವಿಸ್ ದಾಖಲೆಯಲ್ಲಿ ಹುಡುಕಿ. ಆಮೇಲೆ ರೇಟಿನ ಮಾತು.