ಬೆಂಗಳೂರಿನ ಕಲ್ಲುಗಳಿಗೆ ಕಾವಲು ಯಾರು?

ದಾನವನ್ನು ಕಲ್ಲಿನಲ್ಲಿ ದಾಖಲಿಸಿದ ಹಳೆಯ ದತ್ತಿಶಾಸನಗಳ ಕೊನೆಯಲ್ಲಿ ಸಾಮಾನ್ಯವಾಗಿ ಒಂದು ಶಾಪ ಇರುತ್ತದೆ. ಈ ಧರ್ಮವನ್ನು ಅಳಿದವನು ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು (ಕಪಿಲೆ ಹಸುಗಳನ್ನು) ಕೊಂದ ಪಾಪಕ್ಕೆ ಹೋಗುತ್ತಾನೆ. ದಾನದ ಭೂಮಿಯನ್ನು ಕಸಿದವನು ಅರವತ್ತು ಸಾವಿರ ವರ್ಷ ಮಲದಲ್ಲಿ ಹುಳುವಾಗಿ ಹುಟ್ಟುತ್ತಾನೆ. ಶಾಸನತಜ್ಞರು ಇದಕ್ಕೆ ಶಾಪಾಶಯ ಎನ್ನುತ್ತಾರೆ. ನಮ್ಮ ನೆಲದಲ್ಲಿ ಪರಂಪರೆಯ ರಕ್ಷಣೆಗೆಂದು ಬರೆದ ಮೊದಲ ಕಾಯ್ದೆ ಇದೇ ಎಂದು ನಾನು ನಂಬಿದ್ದೇನೆ. ಓದಬಲ್ಲವರು ಇರುವ ತನಕ ಅದಕ್ಕೆ ಬಲವಿತ್ತು. ಲಿಪಿ ಬದಲಾಗಿ ಅಕ್ಷರಗಳು ಅಪರಿಚಿತವಾದಾಗ ಅದೇ ಕಲ್ಲು ಬಟ್ಟೆ ಒಗೆಯಲು, ಚರಂಡಿಗೆ ಹಾಸಲು, ಕಾಂಪೌಂಡಿನ ತಳಪಾಯಕ್ಕೆ ಬಳಕೆಯಾಯಿತು.

ಅವುಗಳನ್ನು ಮತ್ತೆ ಓದಿಸಿದವರು ಶಿಕ್ಷಣ ಇಲಾಖೆಯಿಂದ ಬಂದವರು ಎಂಬುದನ್ನು ನಾವು ಮರೆಯಬಾರದು. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್ ಇಲ್ಲಿನ ಶಾಲೆಯೊಂದರ ಮುಖ್ಯಸ್ಥರಾಗಿ ಕೆಲಸ ಆರಂಭಿಸಿ, ಮುಂದೆ ಮೈಸೂರು ಮತ್ತು ಕೊಡಗಿನ ಸಾರ್ವಜನಿಕ ಶಿಕ್ಷಣ ನಿರ್ದೇಶಕರಾದವರು. ಶಾಲೆಗಳ ತಪಾಸಣೆಗೆ ಊರೂರು ಸುತ್ತುವಾಗ ಅವರ ಕಣ್ಣಿಗೆ ಬಿದ್ದದ್ದು ಈ ಕಲ್ಲುಗಳು. ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆ 1885ರಲ್ಲಿ ಶುರುವಾದಾಗ ಅದರ ಹೊಣೆ ಅವರ ಹೆಗಲಿಗೆ ಬಂತು. ಅವರ ಶಾಸನ ಸಂಗ್ರಹ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟ, ಅಂದರೆ ಬೆಂಗಳೂರು ಜಿಲ್ಲೆಯದು, 1905ರಲ್ಲಿ ಅಚ್ಚಾಯಿತು. ರೈಸ್ ನಂತರ ಬಂದ ಆರ್. ನರಸಿಂಹಾಚಾರ್ 1915ರಲ್ಲಿ ಬೇಗೂರಿನ ದೇವಾಲಯದ ಸುಮಾರು ಕ್ರಿ.ಶ. 890ರ ಶಾಸನವನ್ನು ಬೆಳಕಿಗೆ ತಂದರು. ಅದರಲ್ಲಿ ‘ಬೆಂಗಳೂರು ಕಾಳಗ’ದ ಮಾತಿದೆ. ಕೆಂಪೇಗೌಡರಿಗಿಂತ ಆರು ಶತಮಾನಗಳಿಗೂ ಹಿಂದೆ ಈ ಹೆಸರು ಇತ್ತು ಎಂದು ಗೊತ್ತಾದದ್ದು ಹಾಗೆ.

ಕಾನೂನು ಬಂದದ್ದು ಇದೇ ಹೊತ್ತಿನಲ್ಲಿ. ಕರ್ಜನ್ ಕಾಲದ 1904ರ ಪ್ರಾಚೀನ ಸ್ಮಾರಕ ಸಂರಕ್ಷಣಾ ಕಾಯ್ದೆ ಬ್ರಿಟಿಷ್ ಭಾರತಕ್ಕೆ ಅನ್ವಯಿಸುತ್ತಿತ್ತು. ಮೈಸೂರು ಸಂಸ್ಥಾನ 1925ರಲ್ಲಿ ತನ್ನದೇ ನಿಬಂಧನೆ ಮಾಡಿಕೊಂಡಿತು. ಸ್ವಾತಂತ್ರ್ಯಾನಂತರ 1958ರಲ್ಲಿ ಕೇಂದ್ರದ ಕಾಯ್ದೆ, 1961ರಲ್ಲಿ ರಾಜ್ಯದ ಕಾಯ್ದೆ, 1972ರಲ್ಲಿ ಪುರಾತನ ವಸ್ತುಗಳ ಕಾಯ್ದೆ ಬಂದವು. ಸ್ಮಾರಕಕ್ಕೆ ಹಾನಿ ಮಾಡಿದವರಿಗೆ 1958ರ ಕಾಯ್ದೆ ವಿಧಿಸಿದ್ದು ಹೆಚ್ಚೆಂದರೆ ಮೂರು ತಿಂಗಳ ಸೆರೆ, ಐದು ಸಾವಿರ ರೂಪಾಯಿ ದಂಡ. 2010ರ ತಿದ್ದುಪಡಿ ಅದನ್ನು ಎರಡು ವರ್ಷಕ್ಕೆ, ಒಂದು ಲಕ್ಷಕ್ಕೆ ಏರಿಸಿತು. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕೂಡದು, ಆಚೆಗಿನ 200 ಮೀಟರ್‌ನಲ್ಲಿ ಅನುಮತಿ ಬೇಕು ಎಂಬ ನಿಯಮವೂ ಬಿಗಿಯಾಯಿತು. ಕೋಟೆಗೂ ಟಿಪ್ಪುವಿನ ಬೇಸಿಗೆ ಅರಮನೆಗೂ ಇಂದು ಇರುವ ಕಾವಲು ಇದು.

ಆದರೆ ಈ ಕಾವಲೆಲ್ಲ ಪಟ್ಟಿಯಲ್ಲಿ ಹೆಸರಿರುವವಕ್ಕೆ ಮಾತ್ರ. ಕೇಂದ್ರದ ಕಾಯ್ದೆಗೆ ಕನಿಷ್ಠ ನೂರು ವರ್ಷದ ವಯಸ್ಸೂ ಬೇಕು. ಬೆಂಗಳೂರಿನ ಹಳೆಯ ಬಂಗಲೆಗಳು, ಸಭಾಂಗಣಗಳು, ಮಾರುಕಟ್ಟೆಗಳಲ್ಲಿ ಹೆಚ್ಚಿನವು ಈ ಬೇಲಿಯ ಹೊರಗೇ ಉಳಿದವು. 1868ರಲ್ಲಿ ಪೂರ್ಣಗೊಂಡ ಅಠಾರ ಕಚೇರಿಯನ್ನೇ (ಈಗಿನ ಹೈಕೋರ್ಟ್ ಕಟ್ಟಡ) ಕೆಡವುವ ಪ್ರಸ್ತಾವ 1980ರ ದಶಕದ ಆರಂಭದಲ್ಲಿ ಬಂದಿತ್ತು. ನಾಗರಿಕರು ನ್ಯಾಯಾಲಯದ ಮೆಟ್ಟಿಲೇರಿದರು, ಬೀದಿಯಲ್ಲೂ ದನಿ ಎತ್ತಿದರು. ಕೆಂಪು ಕಟ್ಟಡ ಉಳಿಯಿತು. ನಗರದ ಸೌಂದರ್ಯ, ಹಳೆಯ ಕಟ್ಟಡಗಳ ಬಗ್ಗೆ ಸಲಹೆ ಕೊಡಲೆಂದು 1970ರ ದಶಕದಲ್ಲಿ ರಚಿಸಿದ್ದ ನಗರ ಕಲಾ ಆಯೋಗವನ್ನು ಮಾತ್ರ 2001ರಲ್ಲಿ ಸರ್ಕಾರವೇ ಮುಚ್ಚಿತು. 2017ರ ನವೆಂಬರ್‌ನಲ್ಲಿ ಲಾಲ್‌ಬಾಗ್‌ನ ಕ್ರುಂಬಿಗಲ್ ಸಭಾಂಗಣ ನೆಲಸಮವಾಯಿತು. ಒಂದು ಕಾಲದಲ್ಲಿ ಉಪನ್ಯಾಸಗಳು ನಡೆಯುತ್ತಿದ್ದ ಆ ಕಟ್ಟಡವನ್ನು ವರ್ಷಗಟ್ಟಲೆ ಶಿಥಿಲವಾಗಲು ಬಿಟ್ಟು, ಆಮೇಲೆ ಶಿಥಿಲವಾಗಿದೆ ಎಂದು ಕೆಡವಿದ್ದನ್ನು ನೆನೆದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ.

ಹೆಬ್ಬಾಳದ ಕಥೆ ಬೇರೆ. 2018ರಲ್ಲಿ ಅಲ್ಲಿ ಒಂದು ವೀರಗಲ್ಲು ಬೆಳಕಿಗೆ ಬಂತು. ಗಂಗರ ದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ರಟ್ಟರ ವಿರುದ್ಧ ಹೋರಾಡಿ ಸತ್ತ ಕಿಟ್ಟಯ್ಯ ಎಂಬ ವೀರನನ್ನು ಅದರ ಮೇಲೆ ಕಡೆದಿದ್ದಾರೆ. ಸುತ್ತಿನ ಸೀಮೆಯನ್ನು ಅದು ‘ಪೆರ್ಬೊಳಲ್ ನಾಡು’ ಎಂದು ಕರೆಯುತ್ತದೆ. ನಗರದಲ್ಲಿ ಈವರೆಗೆ ದೊರೆತ ಅತಿ ಹಳೆಯ ಕನ್ನಡ ಬರಹಗಳಲ್ಲಿ ಇದೂ ಒಂದು. ರಸ್ತೆ ಬದಿಯ ಮಣ್ಣಿನಲ್ಲಿದ್ದ ಅದಕ್ಕೆ ಆಗ ಯಾವ ಅಧಿಸೂಚನೆಯ ಬೆಂಬಲವೂ ಇರಲಿಲ್ಲ. ಇದು ಏನೆಂದು ಗುರುತಿಸಬಲ್ಲವರಿಗೆ ಸುದ್ದಿ ತಲುಪಿತು, ಅಷ್ಟೇ. ಆಸಕ್ತರೂ ಊರಿನವರೂ ಹಣ ಕೂಡಿಸಿ ಮಂಟಪ ಕಟ್ಟಿಸಿದರು. 1909ರಲ್ಲಿ ಸ್ಥಾಪನೆಯಾದ ಸಂಶೋಧನಾ ಸಂಸ್ಥೆ ಮಿಥಿಕ್ ಸೊಸೈಟಿ ಈಗ ಬೆಂಗಳೂರು ಸೀಮೆಯ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಡಿಜಿಟಲ್ ರೂಪದಲ್ಲಿ ಉಳಿಸುತ್ತಿದೆ.

ನೆಲದಲ್ಲಿ ಸಿಕ್ಕ ನಿಧಿಯನ್ನು ವರದಿ ಮಾಡಬೇಕೆಂದು 1962ರ ಕರ್ನಾಟಕ ನಿಧಿ ಕಾಯ್ದೆ ಹೇಳುತ್ತದೆ. ಆದರೆ ಜೆಸಿಬಿ ಚಾಲಕನಿಗೂ ವಾರ್ಡಿನ ಎಂಜಿನಿಯರಿಗೂ ಎದುರಿಗಿರುವುದು ಚಪ್ಪಡಿಯೋ ಶಾಸನವೋ ತಿಳಿಯದಿದ್ದರೆ ವರದಿ ಮಾಡುವುದು ಏನನ್ನು? ಇದನ್ನು ಕಲಿಸಬೇಕಾದದ್ದು ಶಾಲೆಯಲ್ಲಿ. ಸಂವಿಧಾನದ 51ಎ ವಿಧಿ, 1976ರ ತಿದ್ದುಪಡಿಯಿಂದ, ಸಮ್ಮಿಶ್ರ ಸಂಸ್ಕೃತಿಯ ಪರಂಪರೆಯನ್ನು ಕಾಪಾಡುವುದು ನಾಗರಿಕರ ಕರ್ತವ್ಯ ಎನ್ನುತ್ತದೆ. ಮಕ್ಕಳು ಅದನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡುತ್ತಾರೆ. ಪುರಾತತ್ತ್ವ ಇಲಾಖೆಯ ‘ಪ್ರಾಚ್ಯಪ್ರಜ್ಞೆ’ ಕಾರ್ಯಕ್ರಮ ಶಾಲೆಗಳನ್ನು ತಲುಪಿದೆ, ಒಳ್ಳೆಯದೇ. ಆದರೆ ವರ್ಷಕ್ಕೊಮ್ಮೆ ಪ್ರಬಂಧ, ಭಾಷಣ, ಚಿತ್ರಕಲೆ ಸ್ಪರ್ಧೆ ನಡೆಸಿದ ಮಾತ್ರಕ್ಕೆ ಕಲ್ಲು ಓದುವ ಕಣ್ಣು ಬರುವುದಿಲ್ಲ.

ರೈಸ್ ಸಂಪುಟ ತಾಲ್ಲೂಕುವಾರು, ಊರುವಾರು ಜೋಡಣೆಯಾಗಿದೆ. ಬೇಗೂರು, ದೊಮ್ಮಲೂರಿನಂಥ ಹೆಸರುಗಳು ಅದರಲ್ಲಿ ಸಿಗುತ್ತವೆ. ಆ ಊರುಗಳೆಲ್ಲ ಈಗ ಬಡಾವಣೆಗಳಾಗಿವೆ, ಅಲ್ಲೆಲ್ಲ ಶಾಲೆಗಳಿವೆ. ಎಂಟನೆಯ ತರಗತಿಯ ಮಕ್ಕಳಿಗೆ ತಮ್ಮ ಬಡಾವಣೆಯ ಶಾಸನದ ಪಠ್ಯವನ್ನು ಕೊಟ್ಟು, ಆ ಕಲ್ಲು ಇಂದು ಎಲ್ಲಿದೆ ಎಂದು ಶಿಕ್ಷಕರ ಜೊತೆ ಹುಡುಕಿಸಬಹುದು. ಸಿಕ್ಕರೆ ಫೋಟೊ, ಅಳತೆ, ಜಾಗದ ವಿವರ ಇಲಾಖೆಗೆ ಹೋಗಲಿ. ಸಿಗದಿದ್ದರೆ ಅದೂ ದಾಖಲಾಗಲಿ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಶಿಕ್ಷಣ ಇಲಾಖೆಯ ಒಂದು ಸುತ್ತೋಲೆ ಸಾಕು.