ಮೊದಲ ಬೀಡಿ ಎಷ್ಟು ಹೊತ್ತಿಗೆ?

ಬೀಡಿ, ಸಿಗರೇಟು ಬಿಡಬೇಕು ಅಂತ ಬಂದವರನ್ನು ದಿನಕ್ಕೆ ಎಷ್ಟು ಸೇದುತ್ತೀರಿ ಅಂತ ನಾನು ಮೊದಲು ಕೇಳುವುದಿಲ್ಲ. ಬೆಳಿಗ್ಗೆ ಎದ್ದ ಮೇಲೆ ಮೊದಲನೆಯದು ಯಾವಾಗ ಅಂತ ಕೇಳುತ್ತೇನೆ. ಅರ್ಧ ಗಂಟೆಯೊಳಗೆ ಬೇಕೇ ಬೇಕು ಅಂದರೆ ನಿಕೋಟಿನ್ ಹಿಡಿತ ಬಲವಾಗಿದೆ. ರಕ್ತದಲ್ಲಿ ನಿಕೋಟಿನ್ ಸುಮಾರು 2 ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ರಾತ್ರಿ ಕಳೆದು ಏಳುವಾಗ ಹೆಚ್ಚೇನೂ ಉಳಿದಿರುವುದಿಲ್ಲ. ಇಂಥವರಿಗೆ ‘ಮನಸ್ಸು ಗಟ್ಟಿ ಮಾಡಿ’ ಅಂತ ಸುಮ್ನೆ ಹೇಳಿ ಕಳಿಸಿದರೆ ವಾರದೊಳಗೆ ಮತ್ತೆ ಶುರು.

ತೀರ್ಥಹಳ್ಳಿ, ಹೊಸನಗರ ಕಡೆಯ ಹಿರಿಯರು ಇನ್ನೊಂದು ಕಾರಣ ಹೇಳುತ್ತಾರೆ. ಅದೂ ಜೊತೆಗೆ ಬಂದ ಸೊಸೆ ಹೊರಗೆ ಹೋದ ಮೇಲೆ, ದನಿ ತಗ್ಗಿಸಿ: “ಡಾಕ್ಟ್ರೇ, ಒಂದು ಬೀಡಿ ಎಳೀದೆ ಹೊಟ್ಟೆ ಸಾಫ್ ಆಗಲ್ಲ.” ಇದು ನೆಪ ಅಲ್ಲ. ನಿಕೋಟಿನ್ ಕರುಳನ್ನು ಚುರುಕು ಮಾಡುತ್ತದೆ. ಬಿಟ್ಟ ಮೊದಲ ವಾರಗಳಲ್ಲಿ ಮಲಬದ್ಧತೆ ಆಗುವುದುಂಟು. ಮೊದಲೇ ಹೇಳಿ, ಸೊಪ್ಪು, ಹಣ್ಣು, ನೀರು ಜಾಸ್ತಿ ಮಾಡಿಸಿ, ಬೇಕಿದ್ದರೆ ಕೆಲವು ದಿನ ಇಸಬ್‌ಗೋಲು ಕೊಟ್ಟರೆ ಎಷ್ಟೋ ಜನ ದಾಟಿಕೊಳ್ಳುತ್ತಾರೆ. ಯಾರೂ ಹೇಳದಿದ್ದರೆ ಮೂರನೇ ದಿನವೇ ಬೀಡಿ ಕಟ್ಟು ಕೈಗೆ ಬರುತ್ತದೆ.

ಇನ್ನು ಕಾಫಿ. ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳಿಂದಾಗಿ ಸೇದುವವರ ಲಿವರ್ ಕೆಫೀನನ್ನು ಬೇಗ ಕರಗಿಸುತ್ತದೆ. ಬಿಟ್ಟ ಕೆಲವೇ ದಿನಗಳಲ್ಲಿ ಆ ವೇಗ ಇಳಿಯುತ್ತದೆ. ಆದರೆ ಲೋಟದ ಲೆಕ್ಕ ಇಳಿಯುವುದಿಲ್ಲ, ಅಲ್ವಾ? ಅದೇ ನಾಲ್ಕು ಲೋಟ ಕಾಫಿ ಈಗ ಮೈಗೆ ಹೆಚ್ಚಾಗುತ್ತದೆ. ಎದೆ ಡವಡವ, ನಿದ್ದೆ ಇಲ್ಲ, ಮಾತಿಗೊಮ್ಮೆ ಸಿಡುಕು. ಬಿಟ್ಟಾಗ ಹೇಗೂ ಬರುವ ಸಿಡುಕಿಗೆ ಇದೂ ಸೇರುತ್ತದೆ. “ಇವರು ಸೇದ್ತಿದ್ದಾಗಲೇ ವಾಸಿ ಇತ್ತು” ಅಂತ ಹೆಂಡತಿಯೇ ಹೇಳುವ ಹಂತಕ್ಕೆ ಬರುತ್ತದೆ. ಕಾಫಿಯನ್ನು ಅರ್ಧಕ್ಕಿಳಿಸಿ ಅಂತ ನಾನು ಚೀಟಿಯಲ್ಲೇ ಬರೆಯುತ್ತೇನೆ.

ಕೆಮ್ಮು ಕೆಲವರಿಗೆ ಸ್ವಲ್ಪ ದಿನ ಜಾಸ್ತಿ ಆಗಬಹುದು. ತೂಕವೂ ಒಂದಿಷ್ಟು ಏರುತ್ತದೆ. ಇವೆರಡಕ್ಕೆ ಹೆದರಿ ಹಿಂದೆ ಸರಿಯುವುದು ಬೇಡ.

ಮೈ ಒಪ್ಪಿದರೂ ಜೊತೆಗಾರರು ಒಪ್ಪಬೇಕಲ್ಲ. ಜಡಿಮಳೆಯಲ್ಲಿ ಟೀ ಅಂಗಡಿಯ ತಗಡಿನಡಿ ನಿಂತಾಗ, ಕೊಯ್ಲಿನ ಹೊತ್ತಿನಲ್ಲಿ ನಾಲ್ಕು ಜನ ಸೇರಿದಾಗ ಕೈಗೆ ಕೈ ದಾಟಿ ಬರುವ ಬೀಡಿಯನ್ನು ಬೇಡ ಅನ್ನುವುದು ಕಷ್ಟ. ಸಂಜೆ ಎಣ್ಣೆ ಹಾಕುವವರಿಗಂತೂ ಇನ್ನೂ ಕಷ್ಟ. ಅವರಿಗೆ ಮೊದಲ ತಿಂಗಳು ಎರಡೂ ಬೇಡ ಅನ್ನುತ್ತೇನೆ. ಮನೆಯಲ್ಲಿ ಇನ್ನೊಬ್ಬರು ಸೇದುವವರಿದ್ದರೆ ಇಬ್ಬರೂ ಒಟ್ಟಿಗೇ ಬಿಡುವುದು ಒಳ್ಳೆಯದು.

ಬಾಯಿಗೆ ಏನಾದರೂ ಬೇಕು ಅಂತ ಎಲೆ ಅಡಿಕೆಗೆ ಹೊಗೆಸೊಪ್ಪು ಸೇರಿಸಿಕೊಳ್ಳುವವರೂ ಇದ್ದಾರೆ. ಅದು ಬಿಟ್ಟ ಹಾಗಲ್ಲ. ಅಡಿಕೆ ಸೀಮೆಯಲ್ಲಿ ಕೂತು ಇದನ್ನು ಬರೆದರೆ ಬೈಸಿಕೊಳ್ಳುವುದು ಗ್ಯಾರಂಟಿ. ಆದರೂ ಹೇಳಬೇಕು: ಹೊಗೆಸೊಪ್ಪು ಇಲ್ಲದೆ ಬರೀ ಅಡಿಕೆ ಜಗಿಯುವುದೂ ಕ್ಯಾನ್ಸರಿಗೆ ಒಂದು ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ.

“ಈ ವಯಸ್ಸಲ್ಲಿ ಬಿಟ್ಟು ಏನು ಲಾಭ?” ಅನ್ನುವವರಿಗೆ ಬ್ರಿಟನ್ನಿನ ವೈದ್ಯರನ್ನೇ 50 ವರ್ಷ ಗಮನಿಸಿದ ಅಧ್ಯಯನದ ಲೆಕ್ಕ ಕೊಡುತ್ತೇನೆ. 60ರಲ್ಲಿ ಬಿಟ್ಟವರಿಗೂ ಸುಮಾರು 3 ವರ್ಷ ಆಯಸ್ಸು ಉಳಿಯಿತು. 40ರಲ್ಲಿ ಬಿಟ್ಟವರಿಗೆ ಸುಮಾರು 9.

ಹೊಗೆ ಇಲ್ಲದೆ ಸ್ವಲ್ಪ ನಿಕೋಟಿನ್ ಕೊಟ್ಟು ಚಟ ಬಿಡಲು ನೆರವಾಗುವ ನಿಕೋಟಿನ್ ಗಮ್ ತೆಗೆದುಕೊಳ್ಳುವವರು ಅದನ್ನು ಮಕ್ಕಳ ಚೂಯಿಂಗ್ ಗಮ್‌ನಂತೆ ಒಂದೇ ಸಮ ಜಗಿಯಬಾರದು, ಬಿಕ್ಕಳಿಕೆ ಬರುತ್ತದೆ. ನಿಧಾನ ಜಗಿದು, ಚುರುಚುರು ಅನ್ನಿಸಿದಾಗ ಕೆನ್ನೆಯ ಸಂದಿಯಲ್ಲಿಡಿ. ಅದಕ್ಕೆ ಕಾಲು ಗಂಟೆ ಮೊದಲು ಕಾಫಿ, ಟೀ ಬೇಡ. ಹೃದಯದ ತೊಂದರೆ ಇದ್ದರೆ, ಗರ್ಭಿಣಿಯಾಗಿದ್ದರೆ ವೈದ್ಯರನ್ನು ಕೇಳಿಯೇ ಶುರುಮಾಡಿ.

ಬಿಡಿಯಾಗಿ ಸಿಗರೇಟು ಮಾರಬಾರದು ಅಂತ ರಾಜ್ಯದಲ್ಲಿ 2017ರಲ್ಲೇ ಆದೇಶ ಆಗಿದೆ. ಆದರೂ ಒಂದೊಂದೇ ಕೊಳ್ಳುವವರು ಈಗಲೂ ಬರುತ್ತಾರೆ. ಅವರಿಗೆ ಪ್ಯಾಕೆಟ್ಟಿನ ಚಿತ್ರವೂ ಕಾಣುವುದಿಲ್ಲ, ಅದರ ಮೇಲೆ ಅಚ್ಚಾಗಿರುವ ಉಚಿತ ಸಹಾಯವಾಣಿಯೂ ಕಾಣುವುದಿಲ್ಲ. ಆ ನಂಬರು 1800-11-2356.